ಬೆರಳಿಗೆ ಸಿಕ್ಕ ಕಡಲಾಮೆ

ಬೆಂಗಳೂರಿನಿಂದ ವೀಲ್‌ಚೇರ್ ಬಳಸುವವರನ್ನೂ ಕಣ್ಣು ಕಾಣದ ಮಕ್ಕಳನ್ನೂ ಹೊನ್ನಾವರದ ಕಡೆಯ ಕಡಲಜೀವಿ ಶಿಕ್ಷಣ ಕೇಂದ್ರವೊಂದಕ್ಕೆ ಕರೆದೊಯ್ಯುವ ಕೆಲಸ ಶುರುವಾಗುವುದು ಫೋನಿನಿಂದ. ‘ರ‍್ಯಾಂಪ್ ಇದೆಯಾ’ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಕೇಳಬೇಕಾದ್ದು ಅಳತೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇದೆಯೇ? ಶೌಚಾಲಯದ ಬಾಗಿಲು 90 ಸೆಂಟಿಮೀಟರ್ ಅಗಲವಿದೆಯೇ? ಒಳಗೆ ಕುರ್ಚಿ ತಿರುಗಲು ಐದಡಿ ಜಾಗ ಇದೆಯೇ? ಟೇಪು ಹಿಡಿದು ತೆಗೆದ ಫೋಟೊಗಳನ್ನೇ ವಾಟ್ಸಾಪ್‌ನಲ್ಲಿ ತರಿಸಿಕೊಂಡೆವು.

ಹೋಗಿದ್ದು ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಜೊತೆಗಾರರಿಲ್ಲದೆ ಓಡಾಡಲಾಗದವರಿಗೆ ಸ್ಲೀಪರ್‌ನಲ್ಲಿ ಶೇ 75 ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ರೈಲ್ವೆಯ ರಿಯಾಯಿತಿ ಕಾರ್ಡು ಮಾತ್ರ ಮೊದಲೇ ಕೈಯಲ್ಲಿರಬೇಕು. ಹೊನ್ನಾವರದಲ್ಲಿ ರೈಲು ನಿಲ್ಲುವುದು ತುಸು ಹೊತ್ತು. ಹಿಂದಿನ ನಿಲ್ದಾಣ ದಾಟುತ್ತಿದ್ದಂತೆ ಕುರ್ಚಿಗಳನ್ನು ಬಾಗಿಲ ಹತ್ತಿರ ತಂದಿಟ್ಟುಕೊಂಡೆವು. ಇಳಿಸುವುದು ಮೊದಲು ಕುರ್ಚಿ, ಆಮೇಲೆ ಜನ.

ಕೇಂದ್ರದಲ್ಲಿ ಮೊದಲ ತೊಡಕು ಮೀನಿನ ತೊಟ್ಟಿಗಳದ್ದು. ಗಾಜು ಶುರುವಾಗುವುದೇ ನೆಲದಿಂದ ನಾಲ್ಕು ಅಡಿ ಮೇಲೆ. ಕುರ್ಚಿಯಲ್ಲಿ ಕುಳಿತ ದೊಡ್ಡವರ ಕಣ್ಣು ಇರುವುದೂ ಸುಮಾರು ಅಷ್ಟೇ ಎತ್ತರಕ್ಕೆ, ಮಕ್ಕಳದ್ದು ಇನ್ನೂ ಕೆಳಗೆ. ಅವರಿಗೆ ಕಂಡಿದ್ದು ಸಿಮೆಂಟಿನ ಕಟ್ಟೆ. ಎದುರಿನ ಟ್ಯೂಬ್‌ಲೈಟ್ ಆರಿಸಿದ ಮೇಲೆ ಗಾಜಿನ ಮೇಲಿನ ಪ್ರತಿಬಿಂಬವೇನೋ ಹೋಯಿತು, ಆದರೆ ಎತ್ತರಕ್ಕೆ ಉಪಾಯವಿರಲಿಲ್ಲ. ಗಾಜು ಎರಡೂವರೆ ಅಡಿಯಿಂದ ಶುರುವಾಗಬೇಕು. ಕಟ್ಟುವಾಗಲೇ ಯೋಚಿಸಿದ್ದರೆ ಇದಕ್ಕೆ ಒಂದು ಪೈಸೆ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಆಮೆಯ ಕೋಣೆಗೆ ಬಂದಾಗ ದಿನದ ಬಣ್ಣವೇ ಬದಲಾಯಿತು. ಮೇಜಿನ ಮೇಲೆ ನಿಜಗಾತ್ರದ ಫೈಬರ್ ಆಮೆಗಳು, ಸುತ್ತಲೂ ಕುರ್ಚಿ ಹೋಗುವಷ್ಟು ಜಾಗ. ಮುಟ್ಟಿಸುವುದಕ್ಕೂ ಒಂದು ಕ್ರಮವಿದೆ. ಎರಡೂ ಕೈ ಕತ್ತಿನ ಬುಡದಲ್ಲಿಟ್ಟು, ಬೆನ್ನಿನ ನಡುಸಾಲಿನ ಮೇಲೆ ಬಾಲದವರೆಗೆ ಸರಿಸಬೇಕು. ಮತ್ತೆ ಕತ್ತಿಗೆ ಬಂದು, ನಡುಸಾಲಿನ ಪಕ್ಕದ ಚಿಪ್ಪುಫಲಕಗಳನ್ನು ಒಂದೊಂದಾಗಿ ಎಣಿಸಬೇಕು. ಹಸಿರು ಕಡಲಾಮೆಯಲ್ಲಿ ನಾಲ್ಕೇ ಜೊತೆ ಇರುತ್ತವೆ, ಆರು ಅಥವಾ ಹೆಚ್ಚು ಸಿಕ್ಕಿದರೆ ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ. ಒಬ್ಬ ಹುಡುಗಿ ಮೂರು ಸಲ ಎಣಿಸಿ, ‘ಅಕ್ಕಾ, ಈ ಕಡೆ ಏಳು, ಆ ಕಡೆ ಆರು. ಇದು ತಪ್ಪು ಮಾಡಿದಾರೆ’ ಅಂದಳು. ತಪ್ಪಲ್ಲ. ರಿಡ್ಲಿಯಲ್ಲಿ ಎರಡು ಬದಿಯ ಲೆಕ್ಕ ಹೊಂದದಿರುವುದು ಸಾಮಾನ್ಯ, ಮಾದರಿ ಮಾಡಿದವರು ಆಮೆಯನ್ನು ಸರಿಯಾಗಿ ನೋಡಿದ್ದಾರೆ. ಕಣ್ಣು ಕಾಣುವವರು ಇದನ್ನು ಗಮನಿಸುವುದು ಅಪರೂಪ.

ಪಕ್ಕದಲ್ಲಿ ಮರಳು ತುಂಬಿದ ಡ್ರಮ್ಮು. ಆಮೆ ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳ ತೋಡಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಬದಲು ಟೇಬಲ್ ಟೆನ್ನಿಸ್ ಚೆಂಡು ಇಟ್ಟಿದ್ದರು. ಗಾತ್ರ ಸರಿ, ಆದರೆ ನಿಜವಾದ ಮೊಟ್ಟೆಯ ಸಿಪ್ಪೆ ಮೆತ್ತಗೆ ತೊಗಲಿನಂತಿರುತ್ತದೆ ಎಂದು ಬಾಯಲ್ಲಿ ಹೇಳಲೇಬೇಕು. ಮರಿ ಬರಲು 45ರಿಂದ 60 ದಿನ. ಮರಳು ಬಿಸಿಯಿದ್ದರೆ ಹೆಣ್ಣು ಹೆಚ್ಚು, ತಂಪಿದ್ದರೆ ಗಂಡು. ಡ್ರಮ್ಮನ್ನು ಬಿಸಿಲಿಗಿಟ್ಟಿದ್ದರಿಂದ ಮೇಲಿನ ಬಿಸಿ, ಒಳಗಿನ ತಂಪು ಎರಡೂ ಮಕ್ಕಳ ಕೈಗೇ ತಿಳಿಯಿತು.

ಮಧ್ಯಾಹ್ನದ ಮೇಲೆ ಹೊನ್ನಾವರದ ಪಕ್ಕದ ಕಾಸರಕೋಡು ಕಡಲತೀರ. 2020ರಲ್ಲಿ ಪಡುಬಿದ್ರಿಯ ಜೊತೆಗೆ, ಸ್ವಚ್ಛ ಮತ್ತು ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದು. ಒಣ ಮರಳಿನಲ್ಲಿ ಸಾಮಾನ್ಯ ವೀಲ್‌ಚೇರನ್ನು ಮುಂದಕ್ಕೆ ತಳ್ಳಿದರೆ ಮುಂದಿನ ಸಣ್ಣ ಗಾಲಿ ಹೂತು, ಕುಳಿತವರು ಮುಗ್ಗರಿಸುತ್ತಾರೆ. ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಸಣ್ಣ ಗಾಲಿ ಎತ್ತಿ, ಹಿಮ್ಮುಖವಾಗಿ ಎಳೆಯಬೇಕು. ಒಬ್ಬರಿಂದಾಗದು, ಇಬ್ಬರು ಬೇಕು. ಇಳಿತದ ಹೊತ್ತು ನೋಡಿಕೊಂಡು ಹೋದರೆ ಒದ್ದೆ ಮರಳು ಗಟ್ಟಿಯಾಗಿ ಸಿಗುತ್ತದೆ, ಅಲ್ಲಿ ಕುರ್ಚಿ ಹಗುರಾಗಿ ಓಡುತ್ತದೆ. ಬ್ಯಾಟರಿ ಕುರ್ಚಿಯನ್ನು ಮಾತ್ರ ಮರಳಿಗೆ ಇಳಿಸಬಾರದು.

ಹೊರಡುವ ಮುಂಚೆ ಎಲ್ಲ ಗಾಲಿಗಳನ್ನೂ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಬೇಕು. ರೈಲಿನ ಗಡಿಬಿಡಿಯಲ್ಲಿ ಒಂದು ಕುರ್ಚಿ ತೊಳೆಯದೆ ಉಳಿದುಹೋಯಿತು. ನಾಲ್ಕನೇ ದಿನ ಜಯನಗರದಲ್ಲಿ ಅದರ ಮುಂದಿನ ಗಾಲಿ ಕಿರುಗುಟ್ಟಿ ನಿಂತಿತು. ಬೇರಿಂಗ್ ಬಿಚ್ಚಿ ನೋಡಿದರೆ ತುಕ್ಕು, ಅದರ ನಡುವೆ ಚಿಟಿಕೆಯಷ್ಟು ಕಾಸರಕೋಡಿನ ಮರಳು.