ಕೆಂಪಾದ ಬಿಲ್ಡ್‌ಗಳೇ ಸರಿಯಾಗಿದ್ದವು

2023ರ ಮಾರ್ಚ್ 24, ಶುಕ್ರವಾರ. ಬುಧವಾರ ಯುಗಾದಿ, ಗುರುವಾರ ಹೊಸತೊಡಕು. ಅರ್ಧ ಟೀಮು ಇನ್ನೂ ಊರಲ್ಲೇ ಇತ್ತು. ಸಂಜೆ 6ಕ್ಕೆ ರಿಲೀಸ್. ಬಿಲ್ಡ್, ಅಂದರೆ ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿ ಕಟ್ಟುವ ಕೆಲಸ, ನೋಡಿಕೊಳ್ಳುವವನು ನಾನೇ ಆದ್ದರಿಂದ ಹಿಂದಿನ ರಾತ್ರಿಯೇ ಬಸ್ಸು ಹಿಡಿದು ಬೆಂಗಳೂರಿಗೆ ವಾಪಸ್ ಬಂದಿದ್ದೆ.

ಬೆಳಗ್ಗೆ ಹತ್ತೂಮುಕ್ಕಾಲಿಗೆ ಬಿಲ್ಡ್‌ಗಳನ್ನು ಓಡಿಸುವ ಜೆಂಕಿನ್ಸ್ ತೆರೆದರೆ ಒಂದರ ಕೆಳಗೊಂದು ಕೆಂಪು, ಅಂದರೆ ಫೇಲ್. ಎಲ್ಲವೂ ಚೆಕ್‌ಔಟ್‌ನಲ್ಲೇ, ಅಂದರೆ ನಮ್ಮ ಕೋಡ್ ಇರುವ ಗಿಟ್‌ಹಬ್ ತಾಣದಿಂದ ಅದನ್ನು ತರಿಸಿಕೊಳ್ಳುವ ಹಂತದಲ್ಲೇ, ಬಿದ್ದಿವೆ. ಒಂದರ ಕನ್ಸೋಲ್ ತೆರೆದೆ. ಸುತ್ತ ಅಟ್ ಚಿಹ್ನೆಗಳ ಬೇಲಿ, ಮಧ್ಯೆ ದೊಡ್ಡಕ್ಷರದಲ್ಲಿ 'ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್', ಅಂದರೆ ಎದುರಿನ ಸರ್ವರ್‌ನ ಗುರುತು ಬದಲಾಗಿದೆ. ಅದರ ಕೆಳಗೆ, ಯಾರೋ ಕಿತಾಪತಿ ಮಾಡುತ್ತಿರಬಹುದು ಎಂಬ ಎಚ್ಚರಿಕೆ. ದೂರದ ಸರ್ವರ್‌ಗೆ ಭದ್ರವಾಗಿ ಜೋಡಿಸುವ ಎಸ್‌ಎಸ್‌ಎಚ್ ಇಷ್ಟು ನೇರವಾಗಿ ಮಾತಾಡುವುದು ತೀರಾ ಅಪರೂಪ. ಆದರೂ ನಾನು ಅದನ್ನು ಓದಲಿಲ್ಲ. ಕಣ್ಣಾಡಿಸಿದೆ, ಅಷ್ಟೇ.

ಹಬ್ಬದ ರಜೆಯಲ್ಲಿ ನೆಟ್‌ವರ್ಕ್ ಟೀಮ್‌ನವರು ಫೈರ್‌ವಾಲ್ ಮುಟ್ಟಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಅವರಿಗೆ ಫೋನ್ ಮಾಡಿದೆ. ಏನೂ ಬದಲಾಗಿಲ್ಲ ಎಂದರು. ನಾನು ನಂಬಲಿಲ್ಲ. ಅವರ ಜೊತೆ ವಾದ ಮಾಡಿಕೊಂಡು ಕಾಲು ಗಂಟೆ ಕಳೆದೆ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಲ್ಡ್ ಓಡಿಸುವ ನಮ್ಮ 14 ಮಷಿನ್‌ಗಳಲ್ಲಿ, ಅಂದರೆ ಏಜೆಂಟ್‌ಗಳಲ್ಲಿ, 8 ಕೆಂಪು, 6 ಹಸಿರು. ಅದೇ ನೆಟ್‌ವರ್ಕ್, ಅದೇ ರೆಪೊ (ಕೋಡ್ ಇಟ್ಟಿರುವ ಕಣಜ). ಮ್ಯಾನೇಜರ್‌ಗೆ ಹೇಳಿದೆ. ಅವರು, "ಸರಿ, ಆ ಆರರ ಮೇಲೇ ಎಲ್ಲ ಓಡಿಸಿ. ಆರು ಗಂಟೆಗೆ ಕ್ಲೈಂಟ್ ಕಾಯ್ತಿರ್ತಾರೆ" ಎಂದರು. ಆರು ಏಜೆಂಟ್‌ಗಳಲ್ಲಿ ಟೆಸ್ಟ್‌ಗಳೆಲ್ಲ ಮುಗಿಯುವಾಗ ರಾತ್ರಿ ಹತ್ತಾಗುತ್ತಿತ್ತು. ಹಾಗಾಗಿ ಹಸಿರು ಮಷಿನ್‌ದೊಂದು, ಕೆಂಪು ಮಷಿನ್‌ದೊಂದು ಎಸ್‌ಎಸ್‌ಎಚ್ ಕಾನ್ಫಿಗ್ ತೆಗೆದು ಡಿಫ್ ಹಾಕಿದೆ. ವ್ಯತ್ಯಾಸ ಒಂದೇ ಸಾಲು: 'ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ನೋ', ಅಂದರೆ ಸರ್ವರ್ ತೋರಿಸುವ ಗುರುತಿನ ಕೀ ಹೊಂದದಿದ್ದರೂ ತಡೆಯಬೇಡ. ಹಸಿರಿನದರಲ್ಲಿ ಆ ಸಾಲು ಇತ್ತು, ಕೆಂಪಿನದರಲ್ಲಿ ಇರಲಿಲ್ಲ.

ಆ ಸಾಲು ಬರೆದವನು ನಾನೇ. 2020ರಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ಮನೆಯಿಂದ ಹೊಸ ಏಜೆಂಟ್‌ಗಳನ್ನು ಎಬ್ಬಿಸುವಾಗ ಪ್ರತಿ ಸಲ 'ಯೆಸ್' ಹೊಡೆಯುವ ಕಾಟ ತಪ್ಪಲಿ ಎಂದು ಹಾಕಿದ್ದೆ. ಈಗ ಅದೇ ಸಾಲನ್ನು ನೋಡಿದಾಗ ನನಗೆ ಅನಿಸಿದ್ದು ಏನು ಗೊತ್ತಾ? ಸಮಾಧಾನ. ಕಾರಣ ಸಿಕ್ಕಿತು, ಇನ್ನು ಐದು ನಿಮಿಷದ ಕೆಲಸ ಎಂದು. ಮೂರು ಕೆಂಪು ಏಜೆಂಟ್‌ಗಳಿಗೆ ಆ ಸಾಲನ್ನು ಕಾಪಿ ಮಾಡಿದೆ. ಮೂರೂ ಹಸಿರಾದವು. ಡೆವಲಪರ್‌ಗಳ ಗ್ರೂಪಿಗೂ ಮೆಸೇಜ್ ಹಾಕಿದೆ: ನೋನ್ ಹೋಸ್ಟ್ಸ್ ಫೈಲಿನಿಂದ (ಪರಿಚಯದ ಸರ್ವರ್‌ಗಳ ಕೀ ಪಟ್ಟಿ) ಹಳೇ ಕೀ ತೆಗೆಯಿರಿ, ಮತ್ತೆ ಪುಲ್ ಮಾಡಿ (ಕೋಡ್ ತರಿಸಿ), ಕೇಳಿದರೆ ಯೆಸ್ ಅನ್ನಿ. ಒಂದೊಂದೇ ಥಂಬ್ಸ್ ಅಪ್ ಬರತೊಡಗಿದವು.

ನಾಲ್ಕನೇ ಏಜೆಂಟ್ ತೆರೆದಾಗ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ನನ್ನ ಸೀಟಿನ ಹತ್ತಿರ ಬಂದಳು. "ಸರ್, ಯೆಸ್ ಅಂತ ಹಾಕೋ ಮುಂಚೆ ಒಂದು ಕೇಳ್ಲಾ? ಇಲ್ಲಿ ಒಂದು ಫಿಂಗರ್‌ಪ್ರಿಂಟ್ ತೋರಿಸ್ತಿದೆ. ಇದು ಸರಿ ಇದೆಯಾ ಅಂತ ಎಲ್ಲಿ ನೋಡ್ಬೇಕು?"

ಫಿಂಗರ್‌ಪ್ರಿಂಟ್ ಅಂದರೆ ಸರ್ವರ್‌ನ ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ. ನೂರಾರು ಸಲ ಯೆಸ್ ಹೊಡೆದಿದ್ದೇನೆ. ಒಂದು ಸಲವೂ ಹೊಂದಿಸಿ ನೋಡಿರಲಿಲ್ಲ. ಕೈ ಕೀಬೋರ್ಡ್ ಮೇಲೇ ನಿಂತಿತು.

ಇಬ್ಬರೂ ಕೂತು ಹುಡುಕಿದೆವು. ಐದೇ ನಿಮಿಷಕ್ಕೆ ಗಿಟ್‌ಹಬ್‌ನ ಬ್ಲಾಗಿನಲ್ಲೇ ಸಿಕ್ಕಿತು. ಅವರ ಆರ್‌ಎಸ್‌ಎ ಬಗೆಯ ಹೋಸ್ಟ್ ಕೀಯ ಗುಟ್ಟಾಗಿರಬೇಕಾದ ಖಾಸಗಿ ಭಾಗ ಸ್ವಲ್ಪ ಹೊತ್ತು ಒಂದು ಸಾರ್ವಜನಿಕ ರೆಪೊದಲ್ಲಿ ಹೊರಬಿದ್ದಿತ್ತು. ದುರುಪಯೋಗ ಆಗಿದೆ ಅನ್ನುವುದಕ್ಕೆ ಕಾರಣವಿಲ್ಲ, ಆದರೂ ಮುಂಜಾಗ್ರತೆಗೆ ಬದಲಿಸಿದ್ದೇವೆ ಎಂದು ಬರೆದಿದ್ದರು. ಬದಲಾದದ್ದು ಯುಟಿಸಿ 5 ಗಂಟೆ ಸುಮಾರಿಗೆ, ಅಂದರೆ ನಮ್ಮ ಹತ್ತೂವರೆಗೆ. ಇಸಿಡಿಎಸ್‌ಎ, ಇಡಿ25519 ಎಂಬ ಬೇರೆ ಬಗೆಯ ಕೀ ಬಳಸುವವರಿಗೆ ಏನೂ ಆಗಿರಲಿಲ್ಲ. ಎಸ್‌ಎಸ್‌ಎಚ್ ಬದಲು, ಬ್ರೌಸರ್ ಬಳಸುವ ಎಚ್‌ಟಿಟಿಪಿಎಸ್ ದಾರಿಯಲ್ಲಿ ಕೋಡ್ ತರಿಸುವವರಿಗೂ ಇಲ್ಲ. ನಮ್ಮ ಏಜೆಂಟ್‌ಗಳನ್ನು ಎಬ್ಬಿಸುವ ಅಚ್ಚುಗಳಲ್ಲಿ, ಅಂದರೆ ಇಮೇಜ್‌ಗಳಲ್ಲಿ, ಇದ್ದದ್ದು ಹಳೇ ಆರ್‌ಎಸ್‌ಎ ಕೀ ಒಂದೇ. ಎಸ್‌ಎಸ್‌ಎಚ್ ತನಗೆ ಪರಿಚಯ ಇರುವ ಕೀಯನ್ನೇ ಮೊದಲು ಕೇಳುತ್ತದೆ. ಅದಕ್ಕೇ ಜಗಳ.

ಬ್ಲಾಗಿನಲ್ಲಿ ಹೊಸ ಫಿಂಗರ್‌ಪ್ರಿಂಟ್ ಕೊಟ್ಟಿದ್ದರು. ಅವಳು ಒಂದೊಂದೇ ಅಕ್ಷರ ಓದಿದಳು, ನಾನು ಪರದೆ ಮೇಲೆ ಬೆರಳಿಟ್ಟು ನೋಡಿದೆ. ಹೊಂದಿತು. ಅಷ್ಟರಲ್ಲಿ ಗ್ರೂಪಿನಲ್ಲಿ 20ಕ್ಕೂ ಜಾಸ್ತಿ ಥಂಬ್ಸ್ ಅಪ್ ಬಂದಿದ್ದವು. ಅಷ್ಟೂ ಜನ ನನ್ನ ಮಾತು ನಂಬಿ, ನೋಡದೆ ಯೆಸ್ ಅಂದಿದ್ದರು.

ನನಗೆ ಬೆವರು ಬಂದದ್ದು ಆಗ, ಕೆಂಪು ಕಂಡಾಗ ಅಲ್ಲ. ಯಾರಾದರೂ ನಮ್ಮ ದಾರಿಯಲ್ಲಿ ಡಿಎನ್‌ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕುವ ವ್ಯವಸ್ಥೆ) ತಿರುಗಿಸಿ, ತಮ್ಮದೇ ಕೀ ಮುಂದಿಟ್ಟಿದ್ದರೆ, ನಾವು ಗಿಟ್‌ಹಬ್ ಎಂದು ಮಾತಾಡುತ್ತಿದ್ದುದು ಅವರ ಜೊತೆ ಆಗಿರಬಹುದಿತ್ತು. ಕೆಂಪಾದ 8 ಏಜೆಂಟ್‌ಗಳು ಗುರುತು ಹೊಂದುತ್ತಿಲ್ಲ ಎಂದು ನಿಂತವು. ತಮ್ಮ ಕೆಲಸ ಮಾಡಿದವು. ಹಸಿರಾದ 6 ಮಾತ್ರ ಎದುರಿಗೆ ಯಾರಿದ್ದರೂ ಕೋಡ್ ತೆಗೆದುಕೊಂಡು ಬಿಲ್ಡ್ ಮಾಡುತ್ತಿದ್ದವು. ಆ ಬಿಲ್ಡ್ ಸಂಜೆ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿಗೆ ಹೋಗುತ್ತಿತ್ತು. ಮೂರು ವರ್ಷದಿಂದ ಅವು ಹಾಗೇ ಓಡಿದ್ದವು. ನಾನು ಆ ಆರನ್ನೇ 'ಸ್ಟೇಬಲ್' ಎಂದು ಕರೆಯುತ್ತಿದ್ದೆ.

ಆ ಸಾಲನ್ನು ನಮ್ಮ 14 ಏಜೆಂಟ್‌ಗಳಲ್ಲೂ ಇಲ್ಲದಂತೆ ಅಳಿಸಿದೆ. ಹೊಂದಿಸಿ ನೋಡಿದ ಕೀಗಳನ್ನು ಹಾಕಿದೆ. ಗ್ರೂಪಿನಲ್ಲಿ ನನ್ನ ಹಿಂದಿನ ಮೆಸೇಜ್ ತಪ್ಪು ಎಂದು ಬರೆದು, ಎಲ್ಲರೂ ಫಿಂಗರ್‌ಪ್ರಿಂಟ್ ಮತ್ತೆ ನೋಡಿ ಎಂದು ಕೇಳಿಕೊಂಡೆ. ರಿಲೀಸ್ ರಾತ್ರಿ ಎಂಟೂವರೆಗೆ ಹೋಯಿತು.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್, "ಎಸ್‌ಎಸ್‌ಎಚ್ ಸಹವಾಸವೇ ಬೇಡ, ಎಲ್ಲಾನೂ ಎಚ್‌ಟಿಟಿಪಿಎಸ್‌ಗೆ ಹಾಕ್ಬಿಡಿ" ಎಂದರು. ಅವರ ಮಾತಿನಲ್ಲಿ ಅರ್ಥ ಇಲ್ಲದಿಲ್ಲ. ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್ ತನ್ನ ಕೀ ಬದಲಿಸಿದರೂ ಸರ್ಟಿಫಿಕೇಟಿಗೆ ನಂಬಿಕಸ್ಥ ಸಂಸ್ಥೆಯ ಸಹಿ ಇರುತ್ತದೆ, ನಾವು ಏನೂ ಮುಟ್ಟಬೇಕಾಗಿಲ್ಲ. ಎಸ್‌ಎಸ್‌ಎಚ್ ಬಳಸುವ ಪೋರ್ಟ್ 22 ಮುಚ್ಚಿರುವ ಹೋಟೆಲ್ ವೈಫೈಯಲ್ಲೂ ಅದು ಓಡುತ್ತದೆ. ಆದರೆ 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಅಲ್ಲಿ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ, ಅದರ ಬದಲು ಟೋಕನ್ ಎಂಬ ಗುಟ್ಟಿನ ಅಕ್ಷರಸಾಲು ಬೇಕು. ಟೋಕನ್ ಎಲ್ಲಿಡುತ್ತೀರಿ ಅನ್ನುವುದೇ ಪ್ರಶ್ನೆ. ನಮ್ಮ ಒಂದು ಹಳೇ ಜಾಬ್‌ನಲ್ಲಿ ಟೋಕನ್ನನ್ನು ಯುಆರ್‌ಎಲ್ ಒಳಗೇ ಬರೆದಿದ್ದರು. ಹಾಗೆ ಕ್ಲೋನ್ (ರೆಪೊದ ಪ್ರತಿ) ಮಾಡಿದರೆ ಅದು, ಕೋಡ್ ತರಿಸುವ ಟೂಲ್ ಆದ ಗಿಟ್‌ನ ಕಾನ್ಫಿಗ್ ಫೈಲಿನಲ್ಲಿ ಹಾಗೇ ಕೂತಿರುತ್ತದೆ, ಯಾರು ತೆರೆದರೂ ಓದಬಹುದು. ಆ ಟೋಕನ್ ಒಬ್ಬ ಡೆವಲಪರ್‌ದು. ಆತನಿಗೆ ಇದ್ದ ಎಲ್ಲ ರೆಪೊಗಳ ಬಾಗಿಲೂ ಅದರಿಂದ ತೆರೆಯುತ್ತಿತ್ತು.

ಇನ್ನೊಂದು ಬೇಸರದ ಸಂಗತಿ ಹೇಳಲೇಬೇಕು. ಇಂಟರ್ನೆಟ್‌ಗೂ ನಮಗೂ ಮಧ್ಯೆ ಕೂರುವ ನಮ್ಮ ಆಫೀಸಿನ ಪ್ರಾಕ್ಸಿ ಎಚ್‌ಟಿಟಿಪಿಎಸ್ ಟ್ರಾಫಿಕ್ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಕೊಟ್ಟು ಮುಂದೆ ಕಳಿಸುತ್ತದೆ. ಗಿಟ್ ಅದನ್ನು ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಇದಕ್ಕೆ ಸರಿಯಾದ ದಾರಿ ಕಂಪನಿಯ ರೂಟ್ ಸರ್ಟಿಫಿಕೇಟನ್ನು ಗಿಟ್‌ಗೆ ತೋರಿಸುವುದು. ಆದರೆ ಆ ಫೈಲ್ ಎಲ್ಲಿದೆ ಎಂದು ಐಟಿಯವರು ಎಲ್ಲೂ ಬರೆದಿಟ್ಟಿರಲಿಲ್ಲ. ಹಾಗಾಗಿ ಜನ 'ಎಸ್‌ಎಸ್‌ಎಲ್ ವೆರಿಫೈ ಫಾಲ್ಸ್', ಅಂದರೆ ಸರ್ಟಿಫಿಕೇಟ್ ಪರೀಕ್ಷಿಸಬೇಡ ಎಂಬ ಸಾಲು, ಹಾಕಿಕೊಂಡಿದ್ದರು. ನನ್ನ 2020ರ ಸಾಲು ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ, ಹೆಸರು ಮಾತ್ರ ಬೇರೆ. ಆ ವಾರ ಹುಡುಕಿದಾಗ ಐದು ಲ್ಯಾಪ್‌ಟಾಪ್‌ಗಳಲ್ಲಿ ಸಿಕ್ಕಿತು. ಯಾರನ್ನೂ ಬೈಯಲು ನನಗೆ ಬಾಯಿರಲಿಲ್ಲ.

ಕೊನೆಗೆ ನಾನು ಹಟ ಹಿಡಿದು ಎರಡನ್ನೂ ಉಳಿಸಿಕೊಂಡೆ. ಲ್ಯಾಪ್‌ಟಾಪ್‌ಗಳಿಗೆ ಎಚ್‌ಟಿಟಿಪಿಎಸ್, ಟೋಕನ್ ಇರುವುದು ಗುಟ್ಟುಗಳನ್ನು ಕಾದಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್ ಒಳಗೆ. ಏಜೆಂಟ್‌ಗಳಿಗೆ ಎಸ್‌ಎಸ್‌ಎಚ್ ಡಿಪ್ಲಾಯ್ ಕೀ, ಒಂದು ರೆಪೊಗೆ ಒಂದು, ಓದುವುದಕ್ಕೆ ಮಾತ್ರ. ಯಾರೋ ಕೆಲಸ ಬಿಟ್ಟರೆ ಬಿಲ್ಡ್ ನಿಲ್ಲುವುದಿಲ್ಲ. ಒಂದು ಕೀ ಹೊರಬಿದ್ದರೂ ಒಂದೇ ರೆಪೊ, ಅದೂ ಬರೆಯಲು ಬರುವುದಿಲ್ಲ. ಪೋರ್ಟ್ 22 ಬಿಡದ ಕಡೆ ಗಿಟ್‌ಹಬ್‌ನ ಎಸ್‌ಎಸ್‌ಎಚ್ ಎಚ್‌ಟಿಟಿಪಿಎಸ್‌ನ ಪೋರ್ಟ್ 443ರಲ್ಲೂ ಸಿಗುತ್ತದೆ, ಹೋಸ್ಟ್ ಹೆಸರು ಮಾತ್ರ ಬೇರೆ. ಪೋರ್ಟ್ 9418ರಲ್ಲಿ ಓಡುವ ಬರಿಯ 'ಗಿಟ್' ಪ್ರೋಟೋಕಾಲ್, ಅದರ ಮಾತೇ ಬೇಡ. ಅದರಲ್ಲಿ ಗುಟ್ಟೂ ಇಲ್ಲ, ಗುರುತೂ ಇಲ್ಲ. ಗಿಟ್‌ಹಬ್ 2022ರ ಮಾರ್ಚ್ 15ಕ್ಕೇ ಅದನ್ನು ಮುಚ್ಚಿತು. ಒಳ್ಳೆಯದೇ ಆಯಿತು.

ಏಜೆಂಟ್ ಇಮೇಜ್ ಕಟ್ಟುವ ರೀತಿಯನ್ನೂ ಬದಲಿಸಿದೆ. ಮೊದಲು ಇಮೇಜ್ ಕಟ್ಟುವಾಗಲೇ ಎಸ್‌ಎಸ್‌ಎಚ್ ಕೀಸ್ಕ್ಯಾನ್ ಓಡಿಸಿ, ಬಂದ ಕೀಯನ್ನು ಫೈಲಿಗೆ ಸೇರಿಸುತ್ತಿದ್ದೆವು. ಆ ಕ್ಷಣ ಎದುರಿಗೆ ಯಾರಿದ್ದರೋ ಅವರ ಕೀ ಬರುತ್ತದೆ, ಅದನ್ನೇ ನಂಬಿದ ಹಾಗೆ ಆಗುತ್ತಿತ್ತು. ಈಗ ಗಿಟ್‌ಹಬ್ ಪ್ರಕಟಿಸಿರುವ ಮೂರೂ ಕೀಗಳನ್ನು ರೆಪೊದಲ್ಲೇ ಇಟ್ಟಿದ್ದೇವೆ. ಅದನ್ನು ಬದಲಿಸಬೇಕಾದರೆ ಇಬ್ಬರು ರಿವ್ಯೂ ಮಾಡಬೇಕು. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಇಡಿ25519 ಕೀಯ ಫಿಂಗರ್‌ಪ್ರಿಂಟ್ ನನಗೆ ಬಾಯಿಪಾಠ ಆಗುತ್ತಾ ಬಂದಿದೆ: ಪ್ಲಸ್ ಗುರುತು, ಆಮೇಲೆ ಡಿ, ಐ, ವೈ, 3.

ಎರಡು ಹಳೇ ಬಿಲ್ಡ್ ಮಷಿನ್‌ಗಳು ಮಾತ್ರ ಕ್ಲೈಂಟ್ ಜಾಗದಲ್ಲಿವೆ. ಅವನ್ನು ಮುಟ್ಟಲು ಅವರ ಕಡೆಯಿಂದ ಚೇಂಜ್ ರಿಕ್ವೆಸ್ಟ್ ಪಾಸಾಗಬೇಕು. 'ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು' ಎಂದು ಎರಡು ಸಲ ವಾಪಸ್ ಕಳಿಸಿದ್ದಾರೆ. ಮೂರನೇ ಸಲ ಹಾಕಿದ್ದೇನೆ, ಈ ಸಲ ಆ ಶುಕ್ರವಾರದ ಕನ್ಸೋಲ್ ಲಾಗ್ ಪೂರ್ತಿ ಸೇರಿಸಿ. ಅಲ್ಲಿಯವರೆಗೆ ನಾನು 2020ರಲ್ಲಿ ಬರೆದ ಆ ಸಾಲು ಆ ಎರಡರಲ್ಲಿ ಹಾಗೇ ಇರುತ್ತದೆ. ಅವು ಇವತ್ತಿನವರೆಗೆ ಒಂದು ಸಲವೂ ಕೆಂಪಾಗಿಲ್ಲ.