ಟೀಚರಿಗೆ ಮೊದಲು ಯಾವ ಆ್ಯಪ್ ಕಲಿಸಬೇಕು?

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಮಾರ್ಗದರ್ಶನಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇರಳದ ಹೈಟೆಕ್ ಶಾಲಾ ಯೋಜನೆಯಲ್ಲಿ 2018ರಿಂದ 8ರಿಂದ 12ರವರೆಗಿನ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿವೆ. ಸಲಕರಣೆ ಕಣ್ಣೆದುರೇ ಇರುವಾಗ ಅದರಿಂದಲೇ ಶುರು ಮಾಡೋಣ ಅನಿಸುವುದು ಸಹಜ. ಆದರೂ ಮೊದಲ ಭೇಟಿಯಲ್ಲಿ ಲ್ಯಾಪ್‌ಟಾಪ್ ತೆರೆಯಲೇಬೇಡಿ ಎನ್ನುತ್ತೇನೆ.

ಕ್ಲಾಸಿಗೆ ಮುಂಚೆ ಹದಿನೈದು ನಿಮಿಷ ಕೂತು ಎರಡೇ ಪ್ರಶ್ನೆ ಕೇಳಿ: "ಟೀಚರ್, ಈ ಪೀರಿಯಡ್ ಮುಗಿಯುವಾಗ ಮಕ್ಕಳು ಏನು ಮಾಡಿ ತೋರಿಸಬೇಕು? ಎಲ್ಲಿ ಎಡವುತ್ತಾರೆ?" "ಕೋನ ಅರ್ಥವಾಗಬೇಕು" ಎಂಬ ಉತ್ತರ ಸಾಲದು. ಅರ್ಥವಾಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. "ಹಾಳೆಯಲ್ಲಿರುವ 130 ಡಿಗ್ರಿ ಕೋನವನ್ನು ಅಳೆದು ಬರೆಯಬೇಕು" ಎಂದರೆ ಕಾಣುತ್ತದೆ. ಆ ವಾಕ್ಯವನ್ನು ಟೀಚರೇ ತಮ್ಮ ಕೈಯಿಂದ ಬರೆಯಲಿ.

ಕೋನದ ಪಾಠವನ್ನೇ ನೋಡಿ. ಮಕ್ಕಳು ಎಡವುವುದು ಎರಡು ಕಡೆ. 130 ಇರುವಲ್ಲಿ 50 ಎಂದು ಬರೆಯುವುದು ಒಂದು. ಕೋನಮಾಪಕದಲ್ಲಿ ಅಂಕೆಗಳ ಸಾಲು ಎರಡು. ಯಾವ ಸಾಲಿನ ಸೊನ್ನೆ ಕೋನದ ಬಾಹುವಿನ ಮೇಲೆ ಕೂತಿದೆ ಎಂದು ಮಗು ನೋಡಿರುವುದಿಲ್ಲ. ಇದಕ್ಕೆ ಪರದೆ ಪ್ರಯೋಜನಕ್ಕಿಲ್ಲ. ಪ್ರತಿ ಮಗುವಿನ ಕೈಯಲ್ಲೂ ಕೋನಮಾಪಕ ಬೇಕು, ಅಳೆಯುವ ಮೊದಲು "ಇದು 90ಕ್ಕಿಂತ ಹೆಚ್ಚೋ ಕಡಿಮೆಯೋ" ಎಂದು ಬಾಯಿಬಿಟ್ಟು ಹೇಳಿಸಬೇಕು, ಟೀಚರ್ ಬೆಂಚುಗಳ ನಡುವೆ ಓಡಾಡಬೇಕು. ಪ್ರೊಜೆಕ್ಟರ್ ಹಾಕಿದರೆ ಟೀಚರ್ ಲ್ಯಾಪ್‌ಟಾಪಿನ ಹತ್ತಿರ ನಿಂತುಬಿಡುತ್ತಾರೆ. ಮೂರನೇ ಬೆಂಚಿನ ತಪ್ಪು ಯಾರಿಗೂ ಕಾಣದೆ ಹೋಗುತ್ತದೆ.

ಇನ್ನೊಂದು, ಬಾಹು ಉದ್ದವಾದರೆ ಕೋನವೂ ದೊಡ್ಡದು ಎಂಬ ನಂಬಿಕೆ. ಇಲ್ಲಿ ಜಿಯೋಜೀಬ್ರ ಎಂಬ ಗಣಿತದ ತಂತ್ರಾಂಶ ಕರಿಹಲಗೆಗಿಂತ ನಿಜವಾಗಿ ಮೇಲು. ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ (KITE) ಲ್ಯಾಪ್‌ಟಾಪಿಗೆ ಹಾಕಿಕೊಡುವ ಉಬುಂಟು ವ್ಯವಸ್ಥೆಯಲ್ಲಿ ಅದು ಇದ್ದೇ ಇದೆ. ಒಂದು ಬಿಂದುವಿನಿಂದ ಎರಡು ಕಿರಣ ಎಳೆದು ಕೋನ ಅಳೆಯಿರಿ. ಒಂದು ಕಿರಣದ ಮೇಲೆ ಹೊಸ ಬಿಂದು ಇಟ್ಟು, ಶೃಂಗದಿಂದ ಅಲ್ಲಿಗೆ ದಪ್ಪ ಗೆರೆ ಹಾಕಿ. ಆ ಬಿಂದುವನ್ನು ಎಳೆದಂತೆ ಗೆರೆ ಉದ್ದವಾಗುತ್ತದೆ, ಡಿಗ್ರಿ ಕದಲುವುದಿಲ್ಲ. ಕಿರಣ ಬಿಟ್ಟು ಬರೇ ರೇಖಾಖಂಡದಲ್ಲಿ ಮಾಡಿದರೆ ತುದಿ ಎಳೆಯುವಾಗ ಕೋನವೂ ಅಲ್ಲಾಡಿ, ಕಲಿಸಬೇಕಾದದ್ದೇ ಉಲ್ಟಾ ಆಗುತ್ತದೆ. ಬಿಂದುಗಳನ್ನು ಕ್ಲಿಕ್ ಮಾಡುವ ಕ್ರಮ ತಪ್ಪಿದರೆ 60ರ ಬದಲು 300 ಬರುತ್ತದೆ, ಏಕೆಂದರೆ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ. ಎಳೆಯುವ ಮೊದಲು ನಿಲ್ಲಿಸಿ, "ಈಗ ಎಷ್ಟಾಗಬಹುದು?" ಎಂದು ಮಕ್ಕಳಿಂದ ಬರೆಸಲೇಬೇಕು. ಬರೆಸದಿದ್ದರೆ ಅದು ಬರೇ ನೋಟ. ಐದು ನಿಮಿಷ ಸಾಕು. ಆಮೇಲೆ ಪ್ರೊಜೆಕ್ಟರ್ ಆರಿಸಿ.

ಒಂದೇ ಪಾಠ, ಎರಡು ಗುರಿ. ಒಂದಕ್ಕೆ ಯಂತ್ರ ಬೇಕು, ಇನ್ನೊಂದಕ್ಕೆ ಬೇಡ. "ಈ ತಿಂಗಳು ಜಿಯೋಜೀಬ್ರ ಕಲಿಸೋಣ" ಎಂದು ಹೊರಟವರಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ನಮ್ಮ ಕಡೆಯ ತೊಡಕು ಬೇರೆಯೂ ಇವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಕ್‌ಶೀಟ್, ಆ ಫಾಂಟ್ ಇಲ್ಲದ ಶಾಲೆಯ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿಗೆ ಬದಲಿಸಿ ಅಥವಾ ಪಿಡಿಎಫ್ ಮಾಡಿ ಹಿಂದಿನ ದಿನವೇ ತೆರೆದು ನೋಡಬೇಕು. ಕರ್ನಾಟಕದ ವಿಡಿಯೊ ಹಾಕುವುದಾದರೆ ಅದರ ಪಾರಿಭಾಷಿಕ ಪದಗಳನ್ನು ನಮ್ಮ ಪಠ್ಯಪುಸ್ತಕದ ಪಕ್ಕ ಇಟ್ಟು ನೋಡಿ. ಮನೆಯಲ್ಲಿ ತುಳು, ಮಲಯಾಳಂ, ಕೊಂಕಣಿ ಆಡುವ ಮಗುವಿಗೆ ಒಂದೇ ವಸ್ತುವಿಗೆ ಇನ್ನೂ ಒಂದು ಹೆಸರು ಹೊರೆಯೇ. ಮಲಯಾಳಂ ವಿಡಿಯೊ ಆದರೆ ಧ್ವನಿ ನಿಲ್ಲಿಸಿ ಟೀಚರೇ ಕನ್ನಡದಲ್ಲಿ ವಿವರಿಸುವುದು ಒಳ್ಳೆಯದು.

ಕ್ಲಾಸಿನಲ್ಲಿ ಕೂತಾಗ ಟೀಚರನ್ನು ಅಲ್ಲ, ಮಕ್ಕಳ ಪುಸ್ತಕ ನೋಡಿ. ಐದಾರು ಮಕ್ಕಳು ಬರೆದ ಡಿಗ್ರಿಗಳನ್ನು ಇದ್ದಂತೆಯೇ ಗುರುತು ಹಾಕಿಕೊಂಡು, ಅದೇ ದಿನ ಟೀಚರ್ ಎದುರು ಇಡಿ. ಇಬ್ಬರು ಇನ್ನೂ 50 ಬರೆದಿದ್ದರೆ, ಮರುದಿನದ ಪೀರಿಯಡಿಗೆ ಏನು ಮಾಡೋಣ ಎಂಬ ಮಾತು ಅಲ್ಲಿಂದಲೇ ಶುರುವಾಗಲಿ.