ಅಕ್ಕನ ಮುಖದ ಬಂಗು

ದಾವಣಗೆರೆ
ಮಾರ್ಚ್ 15, 2025, ಶನಿವಾರ

ಡಾಕ್ಟರ್ ಮೇಡಂ ಅಕ್ಕನ ಮುಖ ನೋಡಿದ ಕೂಡಲೇ ಕೇಳಿದ್ದು, "ಯಾವ ಟ್ಯೂಬ್ ಹಚ್ತಾ ಇದ್ದೀರಮ್ಮ?" ಅಕ್ಕ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಬ್ಯಾಗಿಗೆ ಕೈ ಹಾಕಿ, ಬುಡದಿಂದ ಹಿಂಡಿ ಹಿಂಡಿ ಸುರುಳಿ ಸುತ್ತಿದ್ದ ಟ್ಯೂಬ್ ತೆಗೆದು ಟೇಬಲ್ ಮೇಲಿಟ್ಟಳು. ಸಂಘದ ಹೆಂಗಸರೊಬ್ಬರು ಹೇಳಿದ್ದಂತೆ. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಸಾಕು, ಚೀಟಿ ಕೇಳದೆ ಕೊಡುತ್ತಾರಂತೆ. ಹೋದ ಯುಗಾದಿಯಿಂದ ಹಚ್ಚುತ್ತಿದ್ದಾಳೆ. ಇಷ್ಟು ದಿನ ನನಗೂ ಹೇಳಿರಲಿಲ್ಲ.

ಬೆಳಗಿನ ಶಾಲೆ ಮುಗಿಸಿಕೊಂಡು ನಾನೇ ಅವಳನ್ನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೋಗಿದ್ದೆ. ಬಸ್ಸಿಳಿದಾಗಲೇ ನನಗೆ ಗಾಬರಿಯಾಗಿತ್ತು. ಮುಖವೆಲ್ಲ ಕೆಂಪು. ಕೆನ್ನೆ ಮೇಲೆ ಎಳೆ ಎಳೆಯಾಗಿ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಗದ್ದದ ಹತ್ತಿರ ಸಣ್ಣ ಗುಳ್ಳೆ, ಕಿವಿಯ ಮುಂದೆ ನವಿರಾಗಿ ಕೂದಲು ಬೆಳೆದಿತ್ತು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುತ್ತೆ ಅಂದಳು. ಇಷ್ಟರ ಕೆಳಗೆ ಬಂಗು ಮಾತ್ರ ಮೊದಲಿಗಿಂತ ಕಪ್ಪಾಗಿ ಹಾಗೇ ಕೂತಿದೆ.

ಬಂಗು ನಮ್ಮ ಮನೆಯಲ್ಲಿ ಹೊಸದಲ್ಲ. ಅವ್ವನಿಗೆ ಇತ್ತು, ಅಕ್ಕನಿಗೆ ಎರಡನೇ ಬಾಣಂತನದ ಹೊತ್ತಿಗೆ ಬಂತು, ನನಗೂ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೆನ್ನೆ, ಮೂಗು, ಹಣೆ, ಮೇಲ್ದುಟಿಯ ಕಡೆ ಜಾಸ್ತಿ ತಯಾರಾಗುವುದರಿಂದ ಬರುವ ಕಲೆ ಅದು. ಮನೆತನ, ಬಸುರಿನಲ್ಲೋ ಗರ್ಭನಿರೋಧಕ ಮಾತ್ರೆಯಿಂದಲೋ ಆಗುವ ಹಾರ್ಮೋನ್ ಬದಲಾವಣೆ, ಬಿಸಿಲು, ಇವು ಮೂರೂ ಸೇರಿ ತರುತ್ತವೆ. ಅಂಟುವ ರೋಗವಲ್ಲ. ಊರಿನಲ್ಲಿ ಇನ್ನೂ "ರಕ್ತ ಕೆಟ್ಟಿದೆ" ಅಂತಾರೆ. ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಮದುವೆಮನೆಗಳಲ್ಲಿ ಅಕ್ಕ ಆ ಮಾತು ಕೇಳಿಸಿಕೊಂಡಿದ್ದಾಳೆ. ಟ್ಯೂಬಿಗೆ ಕೈ ಹಾಕಿದ್ದು ಅದಕ್ಕೇ ಅಂತ ನನಗೆ ಗೊತ್ತು. ಅವಳ ಮೇಲೆ ಒಂದು ಚೂರೂ ಸಿಟ್ಟಿಲ್ಲ. ಆ ಮಾತು ಆಡಿದವರ ಮೇಲಿದೆ.

ಮೇಡಂ ಟ್ಯೂಬಿನ ಸುರುಳಿ ಬಿಡಿಸಿ ನಮಗೆ ತೋರಿಸಿದರು. ಸಣ್ಣ ಅಕ್ಷರದಲ್ಲಿ ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1% ಅಂತ ಇತ್ತು. ಮೊದಲನೆಯದು ಬಣ್ಣ ತಯಾರಾಗುವುದನ್ನು ತಡೆಯುತ್ತೆ, ಎರಡನೆಯದು ಚರ್ಮದ ಮೇಲ್ಪದರ ಬೇಗ ಬದಲಾಗುವಂತೆ ಮಾಡುತ್ತೆ, ಮೂರನೆಯದು ಕೆಂಪು, ಉರಿ ತಗ್ಗಿಸುವ ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ತಿಳಿಯಾಗಿ, ನುಣುಪಾಗಿ ಕಾಣುತ್ತೆ. ಜನ ಮರುಳಾಗುವುದೇ ಆಗ. ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತೆ, ರಕ್ತನಾಳ ಹಿಗ್ಗಿಸುತ್ತೆ, ಮೊಡವೆ, ಕೂದಲು ತರುತ್ತೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಹಾಗಾಗಿ ಬಿಡೋಕೇ ಆಗುವುದಿಲ್ಲ. ನಮ್ಮ ದೇಶದ ಚರ್ಮವೈದ್ಯರ ಸಂಘ ಇದರ ವಿರುದ್ಧವೇ ಒಂದು ಪಡೆ ಕಟ್ಟಿಕೊಂಡು ಕೆಲಸ ಮಾಡುತ್ತಿದೆ ಅಂದರೆ ಎಷ್ಟು ಮುಖಗಳು ಹಾಳಾಗಿರಬೇಕು, ಅಲ್ವಾ?

ಈ ಮೂರರ ಜೋಡಣೆ ತಪ್ಪು ಅಂತ ಮೇಡಂ ಹೇಳಲಿಲ್ಲ. 1975ರಲ್ಲಿ ಅಮೆರಿಕದ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಇಂಥ ಮೂರು ಔಷಧ ಬೆರೆಸಿದ ಮುಲಾಮಿನ ಬಗ್ಗೆ ಬರೆದರು. ಇವತ್ತಿಗೂ ಬಂಗಿಗೆ ಅದು ಒಳ್ಳೆಯ ಔಷಧಿಯೇ. ಡಾಕ್ಟರು ನೋಡುತ್ತಾ, ಕೆಲವೇ ವಾರ ಕೊಟ್ಟು ನಿಲ್ಲಿಸಬೇಕು, ಅಷ್ಟೇ. ಟ್ಯೂಬಿನ ಮೇಲೆ ಒಂದು ಉದ್ದನೆಯ ಕೆಂಪು ಗೆರೆ ಇತ್ತು. ಚೀಟಿ ಇಲ್ಲದೆ ಮಾರಬಾರದು ಅನ್ನುವ ಗುರುತು ಅದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳಿಗೆ ಚೀಟಿ ಬೇಕೇ ಬೇಕು ಅಂತ ಆದೇಶ ಮಾಡಿದೆ. ಆದರೂ ಟೂತ್‌ಪೇಸ್ಟ್ ಕೊಟ್ಟ ಹಾಗೆ ಕೊಡುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ.

ಅಕ್ಕನಿಗೆ ಈಗ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವ ಪೀಲ್ ಇಲ್ಲ, ಲೇಸರ್ ಇಲ್ಲ, ಬಿಳಿ ಮಾಡುವ ಯಾವ ಕ್ರೀಮೂ ಇಲ್ಲ. ಮೊದಲು ಚರ್ಮ ಗಟ್ಟಿಯಾಗಬೇಕು. ಸ್ಟೀರಾಯ್ಡ್ ನಿಲ್ಲಿಸಲು ಬೇರೆ ಮುಲಾಮು, ಗುಳ್ಳೆಗೆ ಕೆಲವು ದಿನದ ಮಾತ್ರೆ, ವಾಸನೆ ಇಲ್ಲದ ಮಾಯಿಶ್ಚರೈಸರ್ ಬರೆದುಕೊಟ್ಟರು. "ಮುಂದಿನ ಕೆಲವು ವಾರ ಕೆಂಪು, ಉರಿ ಜಾಸ್ತಿ ಆಗುತ್ತೆ. ಆಗ ಹೆದರಿ ಮತ್ತೆ ಆ ಟ್ಯೂಬ್ ಹಚ್ಚಬೇಡಿ. ತಡೆಯೋಕೆ ಆಗದಿದ್ರೆ ಇಲ್ಲಿಗೆ ಬನ್ನಿ" ಅಂತ ಎರಡೆರಡು ಸಲ ಹೇಳಿದರು. ಅಕ್ಕ ತಲೆಯಾಡಿಸಿದಳು. "ಹಾಗಾದ್ರೆ ಬಂಗು?" ಅಂತ ಕೇಳಿದಳು. "ಬಂಗು ಕಾಯುತ್ತೆ. ಮೊದಲು ಮುಖ ಉಳಿಸಿಕೊಳ್ಳೋಣ" ಅಂದರು ಮೇಡಂ.

ಆಮೇಲೆ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು. ಅಕ್ಕನ ಕೈ ಹಿಡಿದು, ರವಿಕೆ ತೋಳಿನ ಕೆಳಗಿನ ಚರ್ಮ, ಮುಂಗೈ, ಮುಖ ಮೂರನ್ನೂ ಕನ್ನಡಿಯಲ್ಲಿ ತೋರಿಸಿದರು. ಗದ್ದೆಗೆ ಹೋಗುವಾಗ ಅಕ್ಕ ಸೀರೆ ಮೇಲೆ ಭಾವನ ಹಳೇ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾಳೆ. ನಮ್ಮ ಕಡೆ ಕಳೆ ಕೀಳುವ ಹೆಂಗಸರೆಲ್ಲ ಹಾಗೇ. ಮುಂಗೈ ಬಣ್ಣವೂ ತೋಳಿನ ಬಣ್ಣವೂ ಹೆಚ್ಚುಕಡಿಮೆ ಒಂದೇ ಇತ್ತು. ಬೆರಳ ಗಿಣ್ಣು ಮತ್ತು ಮುಖ ಮಾತ್ರ ಬೇರೆ. "ನೋಡಿ, ಈ ಅಂಗಿ ನಿಮ್ಮ ಕೈಗೆ ಮಾಡಿದ ಉಪಕಾರ ಯಾವ ಕ್ರೀಮೂ ಮಾಡಲ್ಲ. ಮುಖಕ್ಕೂ ಇಂಥದ್ದೇ ಒಂದು ಬೇಕು" ಅಂದರು. ಅಂಚು ಅಗಲವಾದ ಟೋಪಿ, ಅದರ ಕೆಳಗೆ ಕೆನ್ನೆ ಮುಚ್ಚುವ ಹಾಗೆ ಹತ್ತಿಯ ಬಟ್ಟೆ. ಆದಷ್ಟು ಬೆಳಿಗ್ಗೆ ಬೇಗ ಗದ್ದೆಗಿಳಿದು ಹತ್ತು ಹತ್ತೂವರೆಗೆ ಮೇಲೆ ಬರುವುದು. ಭದ್ರಾ ನಾಲೆಯ ಬೇಸಿಗೆ ಭತ್ತ, ನೀರು ನಿಂತಿರುವ ಗದ್ದೆ. ಬಗ್ಗಿ ಕೆಲಸ ಮಾಡುವಾಗ ಕೆಳಗಿನಿಂದಲೂ ಬೆಳಕು ಮುಖಕ್ಕೆ ಹೊಡೆಯುತ್ತೆ. ಬರೀ ಟೋಪಿ ಸಾಲುವುದಿಲ್ಲ ಅಂದದ್ದು ಅದಕ್ಕೇ.

ಸನ್‌ಸ್ಕ್ರೀನೂ ಬೇಕು. ಅದರಲ್ಲಿ ನಾವೆಲ್ಲ ಜಿಪುಣತನ ಮಾಡುತ್ತೇವೆ. ಎಸ್‌ಪಿಎಫ್ ಅಂದರೆ ಕ್ರೀಮ್ ಬಿಸಿಲನ್ನು ಎಷ್ಟು ತಡೆಯುತ್ತೆ ಅನ್ನುವ ಅಂಕಿ. ಅದನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚುತ್ತಾರೆ. ಹನಿಯಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಡಬ್ಬದ ಮೇಲೆ ಬರೆದ 30 ಆಗಲಿ 50 ಆಗಲಿ ನಮಗೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ತೆಗೆದುಕೊಳ್ಳಬೇಕು. ಅದು ಮುಖಕ್ಕೂ ಕತ್ತಿಗೂ ಸೇರಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಅದಕ್ಕೂ ಮೊದಲು ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಇನ್ನೊಂದು ಮಾತಿದೆ. ನಮ್ಮಂಥ ಮೈಬಣ್ಣದವರಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪು ಮಾಡುತ್ತೆ, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತೆ. ಕಿಟಕಿ ಪಕ್ಕ ಕೂತು ಪಾಠ ಮಾಡುವ ನನಗೂ ಅದೇ ಬೇಕು. ಗಾಜು ಬಿಸಿಲಿನ ಯುವಿಬಿ ಅನ್ನುವ ಕಿರಣ ತಡೆದರೂ, ಯುವಿಎ ಅನ್ನುವ ಇನ್ನೊಂದು ಕಿರಣ ಮತ್ತು ಕಣ್ಣಿಗೆ ಕಾಣುವ ಬೆಳಕು ಬಹುಪಾಲು ಒಳಗೆ ಬರುತ್ತವೆ.

ಆದರೆ ಲೆಕ್ಕ ಹಾಕಿ ನೋಡಿ. ಒಂದು ಸಲಕ್ಕೆ ಒಂದು ಗ್ರಾಂ ಅಂದರೂ, ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ ತಿಂಗಳು ಬರುವುದಿಲ್ಲ. ಕೂಲಿಗೂ ಹೋಗುವ ಹೆಂಗಸು ಪ್ರತಿ ತಿಂಗಳು ಇದನ್ನು ಎಲ್ಲಿಂದ ತರಬೇಕು? ಆಸ್ಪತ್ರೆ ಚೀಟಿಗಳಲ್ಲಿ "ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ" ಅಂತ ಸಲೀಸಾಗಿ ಬರೆದಿರುತ್ತಾರೆ. ನಮ್ಮ ಮೇಡಂ ಬಟ್ಟೆ, ನೆರಳು ಮೊದಲು ಹೇಳಿ ಕ್ರೀಮ್ ಆಮೇಲೆ ಹೇಳಿದರು. ಆ ಕ್ರಮ ಸರಿ ಅನ್ನಿಸಿತು. ಅಕ್ಕನ ಸನ್‌ಸ್ಕ್ರೀನ್ ನನ್ನ ಜವಾಬ್ದಾರಿ ಅಂತ ಹೇಳಿದ್ದೇನೆ. ಬೇಡ ಅಂದಳು, ನಾನು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಸ್ನಾನದ ವಿಷಯ ಬಂತು. ಅಕ್ಕ ಪೀಚಿನಿಂದ ಮುಖ ತಿಕ್ಕುತ್ತಾಳೆ, ವಾರಕ್ಕೊಮ್ಮೆ ನಿಂಬೆ ಹೋಳು ಉಜ್ಜುತ್ತಾಳೆ. ಎರಡೂ ಬಂದ್. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಆಗಿ ಹೊಸ ಕಲೆ ಬೀಳಬಹುದು. ಉಜ್ಜಿದರೂ ಅಷ್ಟೇ, ಕೆರಳಿದ ಜಾಗ ಕಪ್ಪಾಗುತ್ತೆ. ಉಗುರುಬೆಚ್ಚಗಿನ ನೀರು, ಕೈಯಲ್ಲೇ ಮೆಲ್ಲಗೆ ತೊಳೆಯುವುದು, ಒದ್ದೆ ಆರುವ ಮೊದಲೇ ಮಾಯಿಶ್ಚರೈಸರ್. ಅರಿಶಿನವೂ ಸದ್ಯಕ್ಕೆ ಬೇಡ ಅಂದಾಗ ಅವಳ ಮುಖ ಸಣ್ಣದಾಯಿತು. ಗಲ್ಲಕ್ಕೆ ಅರಿಶಿನ ಹಚ್ಚದೆ ಅಡುಗೆಮನೆಗೆ ಹೋದವಳಲ್ಲ ಅವಳು. ಕಾಲಿಗೆ ಹಚ್ಚಿಕೋ, ಮುಖ ವಾಸಿಯಾಗುವವರೆಗೆ ಅಷ್ಟೇ ಸಾಕು ಅಂದೆ. ಒಪ್ಪಿದಳು.

ಸಂಜೆ ನನ್ನ ಪೀಲ್ ಇತ್ತು, ಅಕ್ಕನೂ ಜೊತೆಗೆ ಬಂದು ಪಕ್ಕದಲ್ಲೇ ಕೂತಿದ್ದಳು. ನನಗೆ ಮಾಡುವುದು ಗ್ಲೈಕೋಲಿಕ್ ಆಸಿಡ್ ಪೀಲ್. ಮುಖ ತೊಳೆದು, ಜಿಡ್ಡು ಹೋಗುವ ಹಾಗೆ ಒರೆಸುತ್ತಾರೆ. ಕಣ್ಣಿನ ಮೂಲೆ, ಮೂಗಿನ ಪಕ್ಕ, ತುಟಿಯ ಅಂಚಿಗೆ ವ್ಯಾಸಲೀನ್. ಬ್ರಷ್‌ನಿಂದ ಮೊದಲು ಹಣೆ, ಆಮೇಲೆ ಕೆನ್ನೆ, ಕೊನೆಗೆ ಮೇಲ್ದುಟಿ. ಸಿಸ್ಟರ್ ಗಡಿಯಾರ ನೋಡುತ್ತಾ ನಿಲ್ಲುತ್ತಾರೆ, ಮೇಡಂ ಚರ್ಮವನ್ನೇ ನೋಡುತ್ತಾ ನಿಲ್ಲುತ್ತಾರೆ. ಇವತ್ತು ಎಡಗೆನ್ನೆ ಸ್ವಲ್ಪ ಮೊದಲೇ ಕೆಂಪಾಯಿತಂತೆ. ಸಮಯ ಮುಗಿಯುವ ಮೊದಲೇ ಅಲ್ಲಿ ಮಾತ್ರ ಸೋಡಿಯಂ ಬೈಕಾರ್ಬನೇಟ್ ನೀರು ಸಿಂಪಡಿಸಿ ಆಸಿಡ್ ನಿಲ್ಲಿಸಿದರು. ಡಾಕ್ಟರೇ ನಿಂತು ಮಾಡಬೇಕಾದ ಕೆಲಸ ಇದು. ನಮ್ಮ ಮೈಬಣ್ಣಕ್ಕೆ ಸ್ವಲ್ಪ ಜಾಸ್ತಿಯಾದರೂ ಸುಟ್ಟ ಕಡೆ ಕಪ್ಪು ಕಲೆ ಉಳಿಯುತ್ತೆ. ಬ್ಯೂಟಿ ಪಾರ್ಲರಿನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರೂ ಮಾಡಿಸಿಕೊಳ್ಳಬೇಡಿ, ದಯವಿಟ್ಟು.

ನನಗೂ ಮೊದಲ ದಿನವೇ ಪೀಲ್ ಮಾಡಿರಲಿಲ್ಲ. ಕೆಲವು ವಾರ ಸನ್‌ಸ್ಕ್ರೀನ್ ಮತ್ತು ರಾತ್ರಿ ಹಚ್ಚುವ ಕ್ರೀಮಿನಿಂದ ಚರ್ಮ ಹದ ಮಾಡಿದ ಮೇಲೆಯೇ ಶುರು ಮಾಡಿದ್ದು. ಲೇಸರ್ ಬಗ್ಗೆ ಕೇಳಿದ್ದೆ. ಬಂಗು ಲೇಸರ್ ಆದ ಮೇಲೂ ಮರಳಿ ಬರುತ್ತೆ, ಕೆಲವರಿಗೆ ಬಿಳಿ ಚುಕ್ಕೆ ಬೀಳುತ್ತೆ, ಅದು ಕೊನೆಗೆ ನೋಡೋಣ ಅಂದಿದ್ದರು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ರಕ್ತಸ್ರಾವ ನಿಲ್ಲಿಸಲು ಜಪಾನಿನಲ್ಲಿ ಉತಾಕೊ ಒಕಾಮೊತೊ ಅನ್ನುವ ಸಂಶೋಧಕಿ ಮತ್ತು ಅವರ ಗಂಡ ಕಂಡುಹಿಡಿದ ಔಷಧಿ ಅದು. ಬಂಗು ತಿಳಿಯಾಗುತ್ತೆ ಅಂತ ಗೊತ್ತಾಗಿದ್ದು ಆಮೇಲೆ, ಅದೂ ಜಪಾನಿನಲ್ಲೇ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೊಡುವಂತಿಲ್ಲ. ನಮ್ಮ ಅಪ್ಪನಿಗೆ ಪಾರ್ಶ್ವವಾಯು ಆಗಿದ್ದು ಕೇಳಿ ಮೇಡಂ ನನಗೆ ಅದನ್ನು ಬರೆಯಲೇ ಇಲ್ಲ. ಹೀಗೆ ಮನೆಯವರ ಕಾಯಿಲೆಯನ್ನೂ ವಿಚಾರಿಸಿ ಔಷಧಿ ಕೊಡುವವರು ಬೇಕು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಅದನ್ನು ಯಾರು ಕೇಳುತ್ತಾರೆ?

ಅಕ್ಕನ ಕತ್ತಿನ ಹಿಂದೆಯೂ ಕಪ್ಪಿದೆ. ಅದು ಬಂಗಲ್ಲ. ಮುಟ್ಟಿದರೆ ದಪ್ಪ ಅನ್ನಿಸುತ್ತೆ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಾಗ ಹೀಗಾಗುವುದುಂಟು. ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ ಅಂತ ಬರೆದಿದ್ದಾರೆ. ಸೋಮವಾರ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು.

ರಾತ್ರಿ ಊಟವಾದ ಮೇಲೆ ಅಕ್ಕ ಇನ್ನೊಂದು ವಿಷಯ ಬಾಯಿಬಿಟ್ಟಳು. ಸಂಘದಲ್ಲಿ ಈಗ ಇನ್ನೊಂದು ಡಬ್ಬಿ ಓಡಾಡುತ್ತಿದೆಯಂತೆ. ಮೇಲೆ ಕಂಪನಿ ವಿಳಾಸ ಇಲ್ಲ, ಒಳಗೆ ಏನಿದೆ ಅಂತ ಬರೆದಿಲ್ಲ, ವಾರದಲ್ಲಿ ಬೆಳ್ಳಗಾಗುತ್ತಾರಂತೆ. ನನಗೆ ಎದೆ ಧಸಕ್ಕೆಂದಿತು. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳ್ಳಗಾಗುವ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡು ದೊಡ್ಡ ಸುದ್ದಿಯಾಗಿತ್ತು. ಕಾಲು, ಮುಖ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ. ಫೋನಿನಲ್ಲಿ ಆ ಸುದ್ದಿ ಹುಡುಕಿ ಅಕ್ಕನಿಗೆ ಓದಿ ಹೇಳಿದೆ. ಅವಳು ಆಗಲೇ ಇಬ್ಬರಿಗೆ ಫೋನ್ ಹಚ್ಚಿದಳು.

30ಕ್ಕೆ ಯುಗಾದಿ. ಅಷ್ಟು ಹೊತ್ತಿಗೆ ಟೋಪಿ, ಸನ್‌ಸ್ಕ್ರೀನ್ ತೆಗೆದುಕೊಂಡು ನಾನೇ ಊರಿಗೆ ಹೋಗುತ್ತೇನೆ. ಸಂಘದವರನ್ನೆಲ್ಲ ಕರೆಸಿ, ಮನೆಯಲ್ಲಿರುವ ಟ್ಯೂಬು, ಡಬ್ಬಿ ತರಲು ಹೇಳು ಅಂದಿದ್ದೇನೆ. ಒಂದೊಂದರ ಮೇಲೂ ಕೆಂಪು ಗೆರೆ ಇದೆಯಾ, ಒಳಗೆ ಏನಿದೆ ಅಂತ ಬರೆದಿದೆಯಾ ಅಂತ ಜೊತೆಗೆ ಕೂತು ನೋಡುತ್ತೇವೆ. ಯಾರಿಗಾದರೂ ಮುಖ ಅಕ್ಕನ ಹಾಗಾಗಿದ್ದರೆ ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದುಕೊಂಡು ಬರುವ ಕೆಲಸ ಅಕ್ಕನದು. ಅವಳೇ ಹೇಳಿದ್ದು ಅದು.